ಪದಚರ್ಚೆ: ‘ಲುಕ್ ಅಟ್ ಇಟ್’, ‘ಲುಕ್ ಇಟ್ ಅಪ್’ – ‘ಅಟ್’ ಮತ್ತು ‘ಅಪ್’ ಎರಡೂ ಉಪಸರ್ಗಗಳೇ?

ಮಾನ್ಯರೇ,

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದವರಿಗಾಗಿ ಇಂಗ್ಲಿಷ್ ವ್ಯಾಕರಣದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಪುಟಗಳು ಅಚ್ಚಿಗೆ ಹೋಗಬೇಕು. ‘ಪ್ರಿಪೊಸಿಷನ್’ ಎಂಬುದಕ್ಕೆ ಇದುವರೆಗೆ ‘ಉಪಸರ್ಗ’ ಎಂದೇ ಬರೆದುಕೊಂಡು ಬಂದವನು ಹನ್ನೊಂದನೆಯ ಪಾಠದಲ್ಲಿ ಸಿಕ್ಕಿಬಿದ್ದಿದ್ದೇನೆ. ಅಲ್ಲಿ ‘ಲುಕ್ ಅಟ್ ಇಟ್’ (ಅದನ್ನು ನೋಡು) ಸರಿ, ‘ಲುಕ್ ಇಟ್ ಅಟ್’ ತಪ್ಪು. ‘ಲುಕ್ ಇಟ್ ಅಪ್’ (ಅದನ್ನು ನಿಘಂಟಿನಲ್ಲಿ ಹುಡುಕು) ಸರಿ, ‘ಲುಕ್ ಅಪ್ ಇಟ್’ ತಪ್ಪು ಎಂದಿದೆ. ಮೂಲದಲ್ಲಿ ‘ಅಟ್’ ಪ್ರಿಪೊಸಿಷನ್, ‘ಅಪ್’ ಪಾರ್ಟಿಕಲ್, ಎಂದರೆ ಕ್ರಿಯಾಪದಕ್ಕೆ ಹತ್ತಿಕೊಳ್ಳುವ ಕಿರುಪದ. ಎರಡನ್ನೂ ‘ಉಪಸರ್ಗ’ ಎಂದುಬಿಟ್ಟರೆ, ಸರ್ವನಾಮವು ಒಂದು ಕಡೆ ಕೊನೆಗೂ ಇನ್ನೊಂದು ಕಡೆ ನಡುವೆಯೂ ಏಕೆ ಬರುತ್ತದೆ ಎಂಬುದನ್ನು ವಿವರಿಸುವ ದಾರಿಯೇ ಮುಚ್ಚಿಹೋಗುತ್ತದೆ. ನನಗೆ ಎರಡು ಪದಗಳು ಬೇಕು.

ಮರು (ತುಮಕೂರಿನಿಂದ):

‘ಉಪಸರ್ಗ’ ರೂಢಿಯಲ್ಲಿದೆ, ಮೇಷ್ಟ್ರುಗಳಿಗೂ ಗೊತ್ತಿದೆ. ‘ಪಾರ್ಟಿಕಲ್’ ಅನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಇಷ್ಟಕ್ಕೆ ಚರ್ಚೆ ಬೇಕಿಲ್ಲ.

ಮರು (ಮೈಸೂರಿನಿಂದ):

ರೂಢಿಯಲ್ಲಿರುವುದೇ ಸಾಕಾಗಿದ್ದರೆ ಹನ್ನೊಂದನೆಯ ಪಾಠದಲ್ಲಿ ಅನುವಾದಕರು ಸಿಕ್ಕಿಬೀಳುತ್ತಿರಲಿಲ್ಲ. ‘ಉಪಸರ್ಗ’ ಒಳ್ಳೆಯ ಪದವೇ. ಆದರೆ ಅದು ಸಲ್ಲಬೇಕಾದದ್ದು ‘ಅಟ್’ಗೆ ಅಲ್ಲ, ‘ಅಪ್’ಗೆ.

ಪಾಣಿನಿಯ ಸಂಸ್ಕೃತ ವ್ಯಾಕರಣದ ಸೂತ್ರ ‘ಉಪಸರ್ಗಾಃ ಕ್ರಿಯಾಯೋಗೇ’ (1.4.59) ಎನ್ನುತ್ತದೆ, ಪ್ರ, ಪರಾ ಮೊದಲಾದವು ಕ್ರಿಯೆಯೊಡನೆ ಕೂಡಿದಾಗ ಮಾತ್ರ ಉಪಸರ್ಗಗಳು. ಕೂಡಿದಾಗ ಏನಾಗುತ್ತದೆ ಎಂಬುದು ನಮಗೆ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳಿಂದಲೇ ಗೊತ್ತಿದೆ: ಧಾತು ಒಂದೇ, ಅರ್ಥವನ್ನು ಉಪಸರ್ಗ ಎತ್ತಲೋ ಎಳೆದೊಯ್ಯುತ್ತದೆ. ‘ಗಿವ್ ಅಪ್’ ಎಂದರೆ ಕೈಬಿಡು, ‘ಗಿವ್ ಇನ್’ ಎಂದರೆ ಮಣಿ, ‘ಗಿವ್ ಔಟ್’ ಎಂದರೆ ಹಂಚು. ‘ಕೊಡು’ ಎಂಬ ಮೂಲಾರ್ಥ ಮೊದಲೆರಡರಲ್ಲಿ ಹುಡುಕಿದರೂ ಸಿಗುವುದಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ವಿದೇಶೀಯರಿಗೆ ಅತಿ ಹೆಚ್ಚು ತೊಡಕೊಡ್ಡುವುದು ಕ್ರಿಯಾಪದಕ್ಕೆ ಹೀಗೆ ಹತ್ತಿಕೊಳ್ಳುವ ಕಿರುಪದಗಳೇ ಎಂದು ಹೇಳಿದ್ದಾನೆ. ಸಂಸ್ಕೃತದಲ್ಲಿ ಉಪಸರ್ಗ ಧಾತುವಿಗೆ ಮೊದಲೇ ಅಂಟಿಕೊಂಡಿರುತ್ತದಲ್ಲವೇ ಎಂದು ಆಕ್ಷೇಪಿಸುವವರು ಮುಂದಿನ ಸೂತ್ರಗಳನ್ನೂ (1.4.81, 82) ನೋಡಬೇಕು. ವೇದಭಾಷೆಯಲ್ಲಿ ಅದು ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದವನ್ನು ಬಿಟ್ಟುಕೊಂಡೂ ಬರಬಹುದು. ‘ಲುಕ್ ಇಟ್ ಅಪ್’ ಎಂಬಲ್ಲಿ ಆಗಿರುವುದೂ ಇದೇ.

ಇನ್ನು ‘ಅಟ್’. ‘ವೃಕ್ಷಂ ಪ್ರತಿ ವಿದ್ಯೋತತೇ ವಿದ್ಯುತ್’, ಮರದ ಕಡೆಗೆ ಮಿಂಚು ಹೊಳೆಯುತ್ತದೆ ಎಂಬ ಹಳೆಯ ಉದಾಹರಣೆಯಲ್ಲಿ ‘ಪ್ರತಿ’ ಹೊಳೆಯುವ ಕ್ರಿಯೆಗೆ ಅಂಟಿಲ್ಲ, ಮರವನ್ನು ಹಿಡಿದುಕೊಂಡಿದೆ. ಇದಕ್ಕೆ ಕರ್ಮಪ್ರವಚನೀಯ ಎಂದು ಹೆಸರು; ಇದರ ಜೊತೆಗಿರುವ ನಾಮಪದಕ್ಕೆ ದ್ವಿತೀಯೆ, ಎಂದರೆ ‘ಅನ್ನು’ ವಿಭಕ್ತಿ (2.3.8). ಇಂಗ್ಲಿಷಿನ ಪ್ರಿಪೊಸಿಷನ್ ಆದಮೇಲೆ ‘ಹೀ’ ಬಾರದೆ ‘ಹಿಮ್’ ಬರುವುದೂ, ‘ಬಿಟ್ವೀನ್ ಯೂ ಅಂಡ್ ಐ’ ಎಂಬುದನ್ನು ಉಪಾಧ್ಯಾಯರು ಕೆಂಪುಶಾಯಿಯಲ್ಲಿ ತಿದ್ದುವುದೂ ಇದೇ ಕಾರಣಕ್ಕೆ.

ಒಂದೇ ‘ಅಪ್’ ಎರಡು ವೇಷಗಳನ್ನೂ ಹಾಕಬಲ್ಲದು. ‘ರನ್ ಅಪ್ ದ ಹಿಲ್’, ಗುಡ್ಡ ಹತ್ತಿ ಓಡು. ಸರ್ವನಾಮ ಬಂದರೆ ‘ರನ್ ಅಪ್ ಇಟ್’. ‘ರನ್ ಅಪ್ ದ ಬಿಲ್’, ಬಾಕಿ ಬೆಳೆಸು. ಸರ್ವನಾಮ ಬಂದರೆ ‘ರನ್ ಇಟ್ ಅಪ್’. ನಾಮಪದವಿದ್ದಾಗ ‘ರನ್ ದ ಬಿಲ್ ಅಪ್’ ಎಂದೂ ಹೇಳಬಹುದು, ಆಯ್ಕೆ ಉಂಟು. ಸರ್ವನಾಮಕ್ಕೆ ಆ ಆಯ್ಕೆಯಿಲ್ಲ, ಅದು ನಡುವೆಯೇ ಕೂರಬೇಕು. ಕಿವಿಯಿಂದಲೂ ಪರೀಕ್ಷಿಸಬಹುದು: ‘ಲುಕ್ ಇಟ್ ಅಪ್’ ಎನ್ನುವಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ, ‘ಲುಕ್ ಅಟ್ ಇಟ್’ ಎನ್ನುವಾಗ ‘ಅಟ್’ ನುಂಗಿಹೋಗುತ್ತದೆ.

ಮರು (ಶಿವಮೊಗ್ಗದಿಂದ):

ಕನ್ನಡದ ಹುಡುಗ ಇಂಗ್ಲಿಷ್ ಕಲಿಯಲು ನಡುವೆ ಪಾಣಿನಿಗೆ ಏಕೆ ಸುಂಕ ಕಟ್ಟಬೇಕು? ಅವನು ‘ಕರ್ಮಪ್ರವಚನೀಯ’ ಎಂದು ತಡವರಿಸದೆ ಹೇಳುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ‘ಈಟ್ ಇಟ್ ಅಪ್’ ಎಂಬುದಕ್ಕೆ ನಾವು ‘ಅದನ್ನು ತಿಂದುಹಾಕು’ ಎನ್ನುತ್ತೇವೆ. ‘ಅಪ್’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಹಾಕು’, ‘ಬಿಡು’, ‘ಕೊಳ್ಳು’ಗಳು ಮಾಡುತ್ತವೆ. ‘ಅಟ್’, ‘ಆನ್’, ‘ಇನ್’ಗಳ ಕೆಲಸವನ್ನು ‘ಕಡೆಗೆ’, ‘ಮೇಲೆ’, ‘ಅಲ್ಲಿ’ಗಳು ಹೆಸರಿನ ಬಳಿಕ ನಿಂತು ಮಾಡುತ್ತವೆ. ಆದ್ದರಿಂದ ‘ಹೆಸರಂಟು’, ‘ಎಸಕದಂಟು’ ಎಂದರೆ ಮುಗಿಯಿತು. ಎರಡೂ ಅಚ್ಚಗನ್ನಡ.

ಮರು (ಮೈಸೂರಿನಿಂದ):

‘ಎಸಕ’ ಎಂದರೆ ಕ್ರಿಯೆ ಎಂದು ಆ ಹುಡುಗನಿಗೆ ಮೊದಲು ಯಾರು ಹೇಳಬೇಕು? ತಿಳಿಯದ ಒಂದು ಪದವನ್ನು ತಿಳಿಯದ ಇನ್ನೊಂದು ಪದದಿಂದ ವಿವರಿಸುವುದು ಅನುವಾದವಲ್ಲ. ಸಂಸ್ಕೃತವನ್ನು ಹೊರಗಿಟ್ಟರೆ ಶಬ್ದಮಣಿದರ್ಪಣದಲ್ಲಿ ಸಂಧಿಯೂ ಇರುವುದಿಲ್ಲ, ಸಮಾಸವೂ ಇರುವುದಿಲ್ಲ. ಆ ವ್ಯಾಕರಣ ಬರೆದ ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಇರದ ಮಡಿ ನಮಗೇಕೆ? ಆದರೆ ‘ತಿಂದುಹಾಕು’ ಉದಾಹರಣೆ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ.

ಮರು (ಶಿವಮೊಗ್ಗದಿಂದ):

ಕೇಶಿರಾಜನ ಓದುಗರಿಗೆ ಸಂಸ್ಕೃತ ಬರುತ್ತಿತ್ತು. ಈ ಕೈಪಿಡಿಯ ಓದುಗರಿಗೆ ಬರುವುದಿಲ್ಲ. ವ್ಯತ್ಯಾಸ ಅಷ್ಟೇ, ಸಣ್ಣದಲ್ಲ.

ಮರು (ಬೆಳಗಾವಿಯಿಂದ):

ಇಲ್ಲಿ ಮರಾಠಿ ಶಾಲೆಗಳ ವ್ಯಾಕರಣದಲ್ಲಿ ನಾಮಪದಕ್ಕೆ ಕೂಡಿ ಬರುವ ಪದಗಳಿಗೆ ‘ಶಬ್ದಯೋಗಿ ಅವ್ಯಯ’ ಎಂಬ ವರ್ಗವಿದೆ, ಮಕ್ಕಳು ಸಲೀಸಾಗಿ ಹೇಳುತ್ತಾರೆ. ಜಗಳ ಮುಗಿದ ಮೇಲೆ ಬೇಕಿದ್ದರೆ ನೋಡಿ.

ಮರು (ಪ್ರಶ್ನೆ ಕೇಳಿದವರಿಂದ):

ಜಗಳ ಮುಗಿಯುವವರೆಗೆ ಮುದ್ರಕರು ಕಾಯುವುದಿಲ್ಲವಾದ್ದರಿಂದ ಬೆಳಗಾವಿಯ ‘ಯೋಗಿ’ಯನ್ನೂ ಮೈಸೂರಿನ ‘ಕ್ರಿಯಾಯೋಗ’ವನ್ನೂ ಸೇರಿಸಿ ‘ನಾಮಯೋಗಿ’, ‘ಕ್ರಿಯಾಯೋಗಿ’ ಎಂದು ಬರೆದಿದ್ದೇನೆ. ನಾಮಯೋಗಿಯಾದರೆ ಸರ್ವನಾಮ ಅದರ ನಂತರ. ಕ್ರಿಯಾಯೋಗಿಯಾದರೆ ಸರ್ವನಾಮ ಕ್ರಿಯಾಪದಕ್ಕೂ ಅದಕ್ಕೂ ನಡುವೆ. ವಿವರಣೆಗೆ ‘ತಿಂದುಹಾಕು’ ಬಳಸಿಕೊಂಡಿದ್ದೇನೆ. ಗುಡ್ಡ ಮತ್ತು ಬಾಕಿಯ ಜೋಡಿ ಅಭ್ಯಾಸದ ಮೊದಲ ಪ್ರಶ್ನೆಯಾಗಿದೆ. ‘ಉಪಸರ್ಗ’ವನ್ನು ಹತ್ತು ಪಾಠಗಳಿಂದಲೂ ಹುಡುಕಿ ತೆಗೆಯುವ ಕೆಲಸ ಈ ರಾತ್ರಿಗಿದೆ.

‘ಪುಟ್ ಅಪ್ ವಿತ್ ಇಟ್’, ಸಹಿಸಿಕೋ ಎಂಬುದರಲ್ಲಿ ‘ಅಪ್’ ಕ್ರಿಯಾಯೋಗಿ, ‘ವಿತ್’ ನಾಮಯೋಗಿ; ಆದರೂ ‘ಪುಟ್ ಇಟ್ ಅಪ್ ವಿತ್’ ಆಗುವುದಿಲ್ಲ. ‘ಇಟ್’ ಇಲ್ಲಿ ‘ವಿತ್’ಗೆ ಸೇರಿದ್ದು, ಕ್ರಿಯಾಪದಕ್ಕಲ್ಲ ಎಂದು ಬರೆದಿದ್ದೇನೆ. ತಪ್ಪಿದ್ದರೆ ಭಾನುವಾರ ಸಂಜೆಯೊಳಗೆ ತಿಳಿಸಿ.