ಸಹಾಯ ಬೇಕು: ಕಾಡು ತಂಬಾಕಿನ ಆಲ್ಕಲಾಯ್ಡ್ ಗುರುತಿಸೋದು ಹೆಂಗ?

ಎಲ್ಲಾರಿಗೂ ನಮಸ್ಕಾರ್ರಿ. ನಿಪ್ಪಾಣಿ ಕಡೆ ವೇದಗಂಗಾ ದಂಡಿಮ್ಯಾಗ ತಾನಾಗೇ ಬೆಳಿಯೋ ಕಾಡು ತಂಬಾಕು, ಅಂದ್ರ ನಿಕೋಟಿಯಾನಾ ಪ್ಲಂಬಾಜಿನಿಫೋಲಿಯಾ, ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ವಿಷಯ. ಒಣಗಿಸಿದ ಎಲಿ ಸಾರ ಟಿಎಲ್‌ಸಿ ಪ್ಲೇಟಿಗೆ (ಸಾರದಾಗಿನ ಪದಾರ್ಥ ಬ್ಯಾರೆ ಬ್ಯಾರೆ ಮಾಡೋ ತೆಳು ಪದರದ ಪ್ಲೇಟು) ಹಾಕಿ ಡ್ರ್ಯಾಗೆಂಡಾರ್ಫ್ (ಆಲ್ಕಲಾಯ್ಡ್ ಇದ್ರ ಬಣ್ಣ ತೋರಸೋ ದ್ರಾವಣ) ಸಿಂಪಡಿಸಿದ್ರ ಕಿತ್ತಳೆ ಚುಕ್ಕಿ ಮೂಡ್ತಾವ: ಒಂದು ದಟ್ಟಗ, ಅದರ ಕೆಳಗ ಇನ್ನೊಂದು ಮಸಕು. ಆಲ್ಕಲಾಯ್ಡ್, ಅಂದ್ರ ನಿಕೋಟಿನ್‌ನಂಥಾ ನೈಟ್ರೋಜನ್ ಇರೋ ಸಸ್ಯ ರಾಸಾಯನಿಕ, ಐತಿ ಅಂತಷ್ಟ ಗೊತ್ತಾತು, ಯಾವುದು ಅಂತ ಇಲ್ಲ. ದಟ್ಟಂದು ನಿಕೋಟಿನ್ ಇರಬೇಕು. ಮಸಕಂದು ತಂಬಾಕಿನಾಗ ಇರೋ ಇನ್ನೆರಡು ಆಲ್ಕಲಾಯ್ಡ್‌ನಾಗ ಯಾವುದು, ನಾರ್‌ನಿಕೋಟಿನ್ನೋ, ಅನಬೇಸಿನ್ನೋ?

ನಿಕೋಟಿನ್, ಅನಬೇಸಿನ್ ಎರಡರ ಅಣುತೂಕಾನೂ 162. ಹಿಂಗಾಗಿ ಜಿಸಿ-ಎಂಎಸ್ (ಪದಾರ್ಥ ಬ್ಯಾರೆ ಮಾಡಿ ಅಣುತೂಕ ಅಳಿಯೋ ಪರೀಕ್ಷೆ) ಮಾಡಿಸಿದ್ರೂ ಬರೇ ತೂಕ ನೋಡಿ ಇವೆರಡರಾಗ ಯಾವುದು ಅಂತ ಹೇಳಾಕ ಬರೂದಿಲ್ಲ, ಖಾತ್ರಿ ಮಾಡ್ಕೊಳ್ಳಾಕ ಸ್ಟ್ಯಾಂಡರ್ಡ್ (ಹೋಲಿಸಿ ನೋಡಾಕ ಶುದ್ಧ ಮಾದರಿ) ಬೇಕು. ಬೆಳಗಾವಿ, ಧಾರವಾಡದಾಗ ಯಾರ ಹತ್ರಾದ್ರೂ ಅನಬೇಸಿನ್, ನಾರ್‌ನಿಕೋಟಿನ್ ಸ್ವಲ್ಪ ಸಿಗತೈತೇನ್ರಿ? ತಂಬಾಕಿನ ಮ್ಯಾಲೆ ಕೆಲಸ ಮಾಡಿದ ಸರ್, ಮೇಡಂ ಇದ್ರ ದಯವಿಟ್ಟು ತಿಳಿಸ್ರಿ.