ಹೆಸರು ಬರದ ಗಿಟಾರಿಸ್ಟ್‌ಗಳು, ಬೇಸ್ ವಾದಕರು: ಯಾರನ್ನು ಕೇಳಬೇಕು?

ಪ್ರಶ್ನೆ: ಗಿಟಾರ್ ಕಲಿಯುತ್ತಿದ್ದೇನೆ. ಯಾರನ್ನು ವಿಚಾರಿಸಿದರೂ ಹೆಂಡ್ರಿಕ್ಸ್, ಕ್ಲಾಪ್ಟನ್, ಜಿಮ್ಮಿ ಪೇಜ್ ಅಂತ ಅದೇ ನಾಲ್ಕೈದು ಹೆಸರು ಹೇಳುತ್ತಾರೆ. ಅವರೆಲ್ಲ ದೊಡ್ಡವರೇ, ಎರಡು ಮಾತಿಲ್ಲ. ಆದರೆ ಅಷ್ಟೇ ಚೆನ್ನಾಗಿ ನುಡಿಸಿಯೂ ಹೆಸರು ಬರದವರು ಇದ್ದಾರಲ್ವಾ? ಬೇಸ್, ಅಂದರೆ ತಗ್ಗಿನ ಸ್ವರಗಳ ಗಿಟಾರ್, ಅದರ ಬಗ್ಗೆಯಂತೂ ನನಗೆ ಏನೂ ಗೊತ್ತಿಲ್ಲ. ಹಾಡಿನಲ್ಲಿ ಬೇಸ್ ಎಲ್ಲಿದೆ ಅಂತಲೇ ಕಿವಿಗೆ ಸಿಗುವುದಿಲ್ಲ. ನೀವು ಯಾರನ್ನು ಕೇಳಿದಿರಿ, ಹೇಗೆ ಕೇಳಿದಿರಿ, ದಯವಿಟ್ಟು ಹೇಳಿ.

ಉತ್ತರ: ಬೇಸ್‌ನಿಂದಲೇ ಶುರು ಮಾಡಿ. ನನ್ನ ಮೊದಲ ಹೆಸರು ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ತಂದ ಹಿಟ್ ಹಾಡುಗಳಲ್ಲಿ ಬಹಳಷ್ಟಕ್ಕೆ ಬೇಸ್ ನುಡಿಸಿದವರು ಇವರೇ. ಆಗ ರೆಕಾರ್ಡ್ ಕವರ್ ಮೇಲೆ ಹಾಡಿದವರ ಹೆಸರು ಇರುತ್ತಿತ್ತು, ನುಡಿಸಿದವರದ್ದು ಇರುತ್ತಿರಲಿಲ್ಲ. ಗಾಯಕ ಮಾರ್ವಿನ್ ಗೇ ಅವರ 1971ರ ಆಲ್ಬಮ್‌ನಲ್ಲಿ ಇವರ ಹೆಸರು ಅಚ್ಚಾಗುವ ಹೊತ್ತಿಗೆ ಜಗತ್ತೇ ಇವರ ಬೇಸ್‌ಗೆ ಕುಣಿದಾಗಿತ್ತು. 1983ರಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 2000ದಲ್ಲಿ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಅವರು ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ದಪ್ಪ ತಂತಿ, ಅದನ್ನೂ ಸುಮ್ಮನೆ ಬದಲಾಯಿಸುತ್ತಿರಲಿಲ್ಲ. ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗೆ ತಾಗುವಂತೆ ಒಂದು ಚೂರು ಫೋಮ್. ಅದಕ್ಕೇ ಸ್ವರ ದುಂಡಗೆ ಹುಟ್ಟಿ ಬೇಗ ನಿಲ್ಲುತ್ತದೆ, ಮುಂದಿನ ಸ್ವರಕ್ಕೆ ಜಾಗ ಬಿಡುತ್ತದೆ.

ಕೇಳುವ ವಿಧಾನ ಹೇಳುತ್ತೇನೆ. ಮೊಬೈಲ್ ಸ್ಪೀಕರ್‌ನಲ್ಲಿ ಬೇಡ. ಬೇಸ್‌ನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಷ್ಟು ತಗ್ಗಿನ ಸದ್ದನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಹೆಡ್‌ಫೋನ್ ಹಾಕಿಕೊಳ್ಳಿ. ಜೇಮರ್ಸನ್ ಬೇಸ್ ನುಡಿಸಿ ಸ್ಟೀವಿ ವಂಡರ್ ಹಾಡಿದ 1968ರ ‘ಫಾರ್ ವನ್ಸ್ ಇನ್ ಮೈ ಲೈಫ್’ ಹಾಕಿ. ಗಾಯಕನನ್ನು ಮರೆತುಬಿಡಿ, ಕೆಳಗಿನ ಸದ್ದನ್ನು ಬಾಯಲ್ಲಿ ಗುನುಗಿ. ಶುರುವಿನಲ್ಲಿ ತಪ್ಪುತ್ತದೆ, ಪರವಾಗಿಲ್ಲ. ಗುನುಗುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯುತ್ತದೆ: ಹಿಂದಿನ ಸಾಲೇ ಮತ್ತೆ ಬಂತು ಅಂದುಕೊಳ್ಳುವಷ್ಟರಲ್ಲಿ ಬೇಸ್ ಬೇರೆ ದಾರಿ ಹಿಡಿದಿರುತ್ತದೆ. ಆದರೂ ಹಾಡಿನ ನಡೆ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇದು ಸಿಕ್ಕಿದ ಮೇಲೆ ನೀವು ಯಾವ ಹಾಡನ್ನೂ ಮೊದಲಿನ ಹಾಗೆ ಕೇಳಲಾರಿರಿ.

ಮತ್ತೊಬ್ಬರು: ಸೋಲೋ (ಹಾಡಿನ ನಡುವೆ ಒಬ್ಬರೇ ಮುಂದೆ ಬಂದು ನುಡಿಸುವ ಭಾಗ) ನುಡಿಸುವವರನ್ನಷ್ಟೇ ಗಿಟಾರಿಸ್ಟ್ ಅಂತ ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಮೊದಲು ಹೋಗಬೇಕು. ಫ್ರೆಡ್ಡಿ ಗ್ರೀನ್ ಅವರನ್ನು ಕೇಳಿ. ಕೌಂಟ್ ಬೇಸಿ ಅವರ ಜಾಝ್ ತಂಡಕ್ಕೆ 1937ರಲ್ಲಿ ಬಂದರು, 1987ರಲ್ಲಿ ಸಾಯುವವರೆಗೂ ಹೆಚ್ಚುಕಡಿಮೆ ಅಲ್ಲೇ ಇದ್ದರು. ಸೋಲೋ ನುಡಿಸಿದ್ದು ಅಪರೂಪ. ಆಂಪ್ಲಿಫೈಯರ್ ಇಲ್ಲದೆ, ಅಷ್ಟೊಂದು ಟ್ರಂಪೆಟ್, ಸ್ಯಾಕ್ಸೋಫೋನ್‌ಗಳ ನಡುವೆ ಕೂತು, ಪ್ರತಿ ಬೀಟ್‌ಗೂ ಒಂದು ಮೀಟು. ಒಂದು, ಎರಡು, ಮೂರು, ನಾಲ್ಕು. ಅಷ್ಟೇ.

ನೀವೇ ಮಾಡಿ ನೋಡಿ. ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳು) ಹಿಡಿದು ಮೀಟಿ, ಮೀಟಿದ ಕೂಡಲೇ ಎಡಗೈಯ ಒತ್ತಡ ಸಡಿಲಿಸಿ. ಬೆರಳು ತಂತಿಯ ಮೇಲೇ ಇರಲಿ. ನಾದ ಕತ್ತರಿಸಿದ ಹಾಗೆ ನಿಲ್ಲಬೇಕು. ಹೀಗೆ ಐದು ನಿಮಿಷ ಒಂದೇ ವೇಗದಲ್ಲಿ ನುಡಿಸುವುದು ನನಗೆ ಎಷ್ಟೋ ಸೋಲೋಗಳಿಗಿಂತ ಕಷ್ಟವಾಯಿತು. ರಾಕ್‌ನಲ್ಲಾದರೆ ಎಸಿ/ಡಿಸಿ ತಂಡದ ಮಾಲ್ಕಮ್ ಯಂಗ್. ಎಲ್ಲರ ಕಣ್ಣು ತಮ್ಮ ಆಂಗಸ್ ಮೇಲೆ. ತಂಡ ನಿಂತಿದ್ದು ಲಯ ಹಿಡಿದ ಅಣ್ಣನ ಬಲಗೈ ಮೇಲೆ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಹೆಡ್‌ಫೋನ್‌ನಲ್ಲಿ ಕೇಳಿದೆ, ಬೇಸ್ ಸಿಕ್ಕಿತು! ಇನ್ನೊಂದು ಸಂಶಯ. ಬೇಸ್ ಅನ್ನು ಪಿಕ್‌ನಲ್ಲಿ (ತಂತಿ ಮೀಟುವ ಪುಟ್ಟ ಬಿಲ್ಲೆ) ನುಡಿಸಬಾರದು ಅನ್ನುತ್ತಾರೆ, ನಿಜವಾ?

ಉತ್ತರ: ಖಂಡಿತ ಅಲ್ಲ. ಕ್ಯಾರಲ್ ಕೇ ಅವರನ್ನು ಕೇಳಿ. ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ವಾದಕ ಬರಲಿಲ್ಲ, ಇವರು ಬೇಸ್ ಎತ್ತಿಕೊಂಡರು. ಆಮೇಲೆ ಸಾವಿರಾರು ರೆಕಾರ್ಡಿಂಗ್‌ಗಳು, ಹೆಚ್ಚಿನವು ಪಿಕ್‌ನಲ್ಲೇ. ಇವರ ಬೇಸ್ ಇರುವ ಬೀಚ್ ಬಾಯ್ಸ್ ತಂಡದ ಹಾಡುಗಳನ್ನು ಇಷ್ಟಪಡುವ ಎಷ್ಟು ಜನರಿಗೆ ಈ ಹೆಣ್ಣುಮಗಳ ಹೆಸರು ಗೊತ್ತು ಹೇಳಿ.

ಇನ್ನೊಬ್ಬರು: ಹೆಣ್ಣುಮಕ್ಕಳ ಮಾತು ಬಂತು, ಎಲಿಜಬೆತ್ ಕಾಟನ್ ಅವರನ್ನು ಬಿಡಬೇಡಿ. ಎಡಗೈಯವರು. ಬಲಗೈಯವರಿಗೆ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದರು. ಹಾಗಾಗಿ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಬೆರಳುಗಳಲ್ಲಿ ಬೇಸ್, ಹೆಬ್ಬೆರಳಲ್ಲಿ ರಾಗ. ಮನೆಗೆಲಸ ಮಾಡಿಕೊಂಡಿದ್ದರು, ಮೊದಲ ಆಲ್ಬಮ್ ಬಂದಾಗ ಅರವತ್ತು ದಾಟಿತ್ತು. ಗ್ರ್ಯಾಮಿ ಬಂದಿದ್ದು ತೊಂಬತ್ತರ ಆಚೆ. ಬೆರಳಲ್ಲಿ ಮೀಟುವುದನ್ನು ಕಲಿಯುವವರಿಗೆ ಇವರಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಿಧಾನ, ಸರಳ, ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕೇಳಿಸುತ್ತದೆ.

ಮೊದಲ ಉತ್ತರ ಕೊಟ್ಟವರು: ಎಲೆಕ್ಟ್ರಿಕ್ ಗಿಟಾರ್ ಇದ್ದರೆ ರಾಯ್ ಬ್ಯುಕಾನನ್ ಕೂಡ ಕೇಳಿ. ಕಿರುಬೆರಳಲ್ಲಿ ವಾಲ್ಯೂಮ್ ನಾಬ್ ತಿರುಗಿಸುತ್ತಲೇ ಮೀಟುತ್ತಾರೆ. ಮೀಟಿನ ಸದ್ದೇ ಇಲ್ಲದೆ ಸ್ವರ ಅಳುವ ಹಾಗೆ ಏಳುತ್ತದೆ. ಬೇಸ್‌ಗೆ ಇನ್ನೊಂದು ಸೇರಿಸುತ್ತೇನೆ: ಡಾನಿ ಹ್ಯಾಥವೇ ಅವರ 1972ರ ಲೈವ್ ಆಲ್ಬಮ್‌ನ ಕೊನೆಯ ಹಾಡು. ವಿಲ್ಲಿ ವೀಕ್ಸ್ ಅವರ ಬೇಸ್ ಸೋಲೋ ಇದೆ. ಸಣ್ಣ ಸಾಲಿನಿಂದ ಶುರು ಮಾಡಿ ಹೇಗೆ ಬೆಳೆಸುತ್ತಾರೆ ನೋಡಿ, ಜನರ ಕೂಗು ಕೂಡ ಜೊತೆಗೇ ಏರುತ್ತದೆ. ಅದನ್ನು ಪೂರ್ತಿ ಕೇಳಿ ಹೇಗನ್ನಿಸಿತು ಬರೆಯಿರಿ.