ಗಾಡಿ ಬಿಸಿ ಆದ್ರ ಗೇರ್ ಬೀಳವಲ್ದು: ಗೇರ್ ಬಾಕ್ಸ್ ಇಳಸಬೇಕೋ ಬ್ಯಾಡೋ?

ಪ್ರಶ್ನೆ, ಕಲಬುರಗಿಯಿಂದ

800 ಸಿಸಿ ಪೆಟ್ರೋಲ್ ಗಾಡಿ, ಐದು ಗೇರ್, ಕೇಬಲ್ ಕ್ಲಚ್, ಓಡಿದ್ದು 62,000 ಕಿ.ಮೀ. ಮುಂಜಾನೆ ಎಲ್ಲಾ ಗೇರ್ ಚಲೋ ಬೀಳ್ತಾವ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆ ಟ್ರಾಫಿಕ್‌ನಾಗ ಅರ್ಧ ತಾಸು ತಿರುಗಿದ್ರ ಫಸ್ಟ್ ಬೀಳವಲ್ದು, ರಿವರ್ಸ್ ಹಾಕಿದ್ರ ಕರ್ ಅಂತದ. ಎರಡರಿಂದ ಮೂರಕ್ಕ ಹಾಕುಮುಂದ ಲಿವರ್ ಒಂದೀಟು ತಡೀತದ, ಬಿದ್ದ ಮ್ಯಾಲ ಗಾಡಿ ಜರ್ಕ್ ಹೊಡದು ಮುಂದ ಹೋಗ್ತದ. ಸಿಂಕ್ರೊ (ಗೇರ್ ಸಪ್ಪಳಿಲ್ಲದ ಬೀಳಲಿ ಅಂತ ವೇಗ ಹೊಂದಿಸೋ ರಿಂಗ್) ಹೋಗ್ಯಾವ, ಗೇರ್ ಬಾಕ್ಸ್ ಇಳಸಬೇಕು ಅಂತ ಮಿಸ್ತ್ರಿ ಹೇಳ್ಯಾರ. ಅದಕ್ಕಿಂತ ಮೊದಲು ಮನ್ಯಾಗ ನೋಡೋದು ಏನರ ಅದ ಏನ್ರಿ?

ಉತ್ತರ, ಹುಮನಾಬಾದಿನಿಂದ

ಈಗ ಇಳಸಬ್ಯಾಡ್ರಿ. ಸಿಂಕ್ರೊ ಸವದಿದ್ರ ಒಂದೋ ಎರಡೋ ಗೇರ್ ಅಷ್ಟೇ ಕಾಡ್ತಾವ, ಅವೂ ಗಾಡಿ ಓಡುಮುಂದ, ತಂಪಿದ್ರೂ ಬಿಸಿ ಇದ್ರೂ. ನಿಮ್ಮದು ನಿಂತಾಗ ಫಸ್ಟ್, ರಿವರ್ಸ್ ಎರಡೂ ಕೆಡ್ತಾವ, ಅದೂ ಬಿಸಿ ಆದ ಮ್ಯಾಲ. ಇದು ಪೆಡಲ್ ತುಳದ್ರೂ ಕ್ಲಚ್ ಪ್ಲೇಟ್ ಇಂಜಿನ್‌ನಿಂದ ಪೂರಾ ಬಿಡದೇ ಇರೋ ಲಕ್ಷಣ.

ಗಾಡಿ ಬಿಸಿ ಇದ್ದಾಗ್ಲೇ ಹಿಂಗ ನೋಡ್ರಿ. ಇಂಜಿನ್ ಬಂದ್ ಮಾಡಿ, ಕ್ಲಚ್ ತುಳದು ಐದೂ ಗೇರ್, ರಿವರ್ಸ್ ಹಾಕ್ರಿ. ಸಲೀಸಾಗಿ ಬಿದ್ರ ಗೇರ್ ಲಿವರ್, ಅದರ ಕೇಬಲ್, ಬುಶ್ ಇವುಗಳ ತಪ್ಪಲ್ಲ. ಇಂಜಿನ್ ಬಂದ್ ಇದ್ರೂ ಬಿಗಿ ಇದ್ರ ಆ ಕಡೆ ನೋಡಬೇಕು. ಆಮ್ಯಾಲ ಇಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಾಗ ಕ್ಲಚ್ ಪೂರಾ ತುಳದು ಐದರ ತನಕ ಎಣಸಿ ರಿವರ್ಸ್ ಹಾಕ್ರಿ. ಚಿಕ್ಕ ಗಾಡಿಗಳ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೊ ಇರಲ್ಲ, ಅದಕ್ಕ ಅದು ಸುಳ್ಳು ಹೇಳಲ್ಲ. ಕ್ಲಚ್ ಪ್ಲೇಟ್ ಇಂಜಿನ್‌ನಿಂದ ಬಿಟ್ಟಿದ್ರ ಆ ಹೊತ್ತಿನಾಗ ಗೇರ್ ಬಾಕ್ಸ್‌ನ ಶಾಫ್ಟ್ ನಿಂತುಬಿಡ್ತದ, ಸಪ್ಪಳಿಲ್ಲದ ಬೀಳ್ತದ. ಎಣಸಿದ ಮ್ಯಾಲೂ ಕರ್ ಅಂದ್ರ ಕ್ಲಚ್ ಪ್ಲೇಟ್ ಇನ್ನೂ ಇಂಜಿನ್ ಜೋಡಿ ತಿರುಗ್ಲಕತ್ತದ ಅಂತ ಅರ್ಥ.

ಮೊದಲು ಕ್ಲಚ್ ಪೆಡಲ್ ಕೆಳಗಿನ ಮ್ಯಾಟ್ ತೆಗೀರಿ. ನಗಬ್ಯಾಡ್ರಿ, ದಪ್ಪ ಮ್ಯಾಟ್ ಹಾಕಿಸಿ ಪೆಡಲ್ ನೆಲಕ್ಕ ಮುಟ್ಟದಂಗ ಮಾಡಿಕೊಂಡವರು ಭಾಳ ಮಂದಿ ಅದಾರ.

ಪ್ರಶ್ನೆ ಕೇಳಿದವರು

ಇಂಜಿನ್ ಬಂದ್ ಇದ್ದಾಗ ಎಲ್ಲಾ ಬೆಣ್ಣಿ ಹಂಗ ಬೀಳ್ತಾವ. ಚಾಲೂ ಇದ್ದಾಗ ಎಣಸಿ ಹಾಕಿದ್ರೂ ರಿವರ್ಸ್ ಕರ್ ಅಂತದ. ಮ್ಯಾಟ್ ತೆಗದ್ರೂ ಅಷ್ಟೇ. ಪೆಡಲ್ ಕೈಲೆ ಒತ್ತಿದ್ರ ಬಿಗಿ ಹತ್ತೋದರೊಳಗ 45 ಮಿ.ಮೀ. ಖಾಲಿ ಹೋಗ್ತದ. 62,000 ಓಡ್ಯದ ಅಂದ್ರ ಪ್ಲೇಟ್ ಸವದಿರಬೇಕು ಅಲ್ಲೇನ್ರಿ?

ಉತ್ತರ, ಹುಮನಾಬಾದಿನಿಂದ

ಉಲ್ಟಾ ಅದ ನೋಡ್ರಿ. ಕೇಬಲ್ ಕ್ಲಚ್ಚಿನಾಗ ಪ್ಲೇಟ್ ಸವದಂಗ ಪೆಡಲ್‌ನ ಖಾಲಿ ಪ್ಲೇ ಕಡಿಮಿ ಆಗ್ತದ, ಹೆಚ್ಚಾಗಲ್ಲ. ಪ್ಲೇಟ್ ತೆಳ್ಳಗಾದ್ರ, ಅದನ್ನ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳು ರಿಲೀಸ್ ಬೇರಿಂಗ್ (ಪೆಡಲ್ ತುಳದಾಗ ಆ ಬೆರಳು ಒತ್ತೋದು) ಕಡೆ ಸರೀತಾವ. ನಿಮ್ಮದು ಹೆಚ್ಚಾಗ್ಯದ ಅಂದ್ರ ಕೇಬಲ್ ಜಗ್ಗ್ಯದ, ಇಲ್ಲಂದ್ರ ಅದರ ಎಳೆ ಹರೀಲಕತ್ತಾವ, ಇಲ್ಲಂದ್ರ ಕೇಬಲ್ ಹಿಡಿದಿರೋ ಬ್ರಾಕೆಟ್ ಬಗ್ಗ್ಯದ. ಪ್ಲೇಟ್ ಬಿಡೋ ಸಂದಿ ಒಂದು ಮಿ.ಮೀ. ಸುಮಾರು ಅಷ್ಟೇ. ಟ್ರಾಫಿಕ್‌ನಾಗ ಅರ್ಧ ಕ್ಲಚ್ ಹಿಡದು ಹಿಡದು ಪ್ಲೇಟ್ ಕಾದು ಉಬ್ಬಿದ್ರ ಆ ಸಂದೀನೂ ಹೋಗ್ತದ. ಮುಂಜಾನೆ ಸರಿ, ಮಧ್ಯಾಹ್ನ ಕೆಡೋದು ಇದಕ್ಕ. ಬ್ಯಾಸಗ್ಯಾಗ ಹೇಳೋದೇ ಬ್ಯಾಡ.

ಬಾನೆಟ್ ಎತ್ತಿ, ಗೇರ್ ಬಾಕ್ಸ್ ಮ್ಯಾಲ ಕೇಬಲ್ ಬಂದು ಸೇರೋ ಲಿವರ್ ಹುಡುಕ್ರಿ. ಒಬ್ಬರು ಪೆಡಲ್ ತುಳೀಲಿ, ನೀವು ನೋಡ್ರಿ. ಲಿವರ್ ಬಿಟ್ಟು ಬ್ರಾಕೆಟ್ ಅಲುಗಾಡಿದ್ರ ತಪ್ಪು ಅಲ್ಲೇ ಅದ. ಕೇಬಲ್ ತುದಿಯ ರಬ್ಬರ್ ಹಿಂದ ಸರಿಸಿ, ಎಳೆ ಹರದಾವೇನು ಬೆರಳಿಂದ ಅಲ್ಲ, ಕಣ್ಣಿಂದ ನೋಡ್ರಿ, ಚುಚ್ಚತಾವ. ಒಂದೇ ಎಳೆ ಹರದಿದ್ರೂ ಕೇಬಲ್ ಬದಲಿಸ್ರಿ, ಅಡ್ಜಸ್ಟ್ ಮಾಡಿ ಓಡಸಬ್ಯಾಡ್ರಿ. ಎರಿ ಮಣ್ಣಿನ ದಾರ್ಯಾಗ ಓಡೋ ಗಾಡಿಗೆ ಆ ರಬ್ಬರ್ ಹರದಿದ್ರ ರಾಡಿ ಒಳಗ ಹೋಗಿ ಒಣಗಿ ಕೇಬಲ್ ಜಾಮ್ ಆಗ್ತದ. ಎಣ್ಣಿ ಬಿಟ್ರ ನಾಲ್ಕು ದಿನ ಹಗುರ ಆಗ್ತದ, ಆಮ್ಯಾಲ ಧೂಳ ಹತ್ತಿ ಮತ್ತಷ್ಟು ಕೆಡ್ತದ.

ಹೊಸ ಕೇಬಲ್ ಎಲ್ಲೂ ಚೂಪಗೆ ಬಾಗದಂಗ ಹಾಕಿಸ್ರಿ. ತುದಿಯ ನಟ್ ಬಿಗಿ ಮಾಡಿದಂಗ ಪ್ಲೇ ಕಡಿಮಿ ಆಗ್ತದ. ಇಂಥ ಚಿಕ್ಕ ಗಾಡಿಗಳಿಗೆ ಲಿವರ್ ತುದ್ಯಾಗ 2ರಿಂದ 4 ಮಿ.ಮೀ., ಪೆಡಲ್‌ನಾಗ 15ರಿಂದ 25 ಮಿ.ಮೀ. ಸಾಮಾನ್ಯ. ನಿಮ್ಮ ಗಾಡಿಯ ಪುಸ್ತಕದಾಗ ಬ್ಯಾರೆ ಅಂಕಿ ಇದ್ರ ಅದೇ ಹಿಡೀರಿ. ಗೇರ್ ಹಗುರ ಬೀಳಲಿ ಅಂತ ಪ್ಲೇ ಪೂರಾ ತೆಗದ್ರ ಬೇರಿಂಗ್ ಸದಾ ತಿರುಗ್ತದ, ಪ್ಲೇಟ್ ಜಾರ್ತದ.

ಉತ್ತರ, ಶಹಾಪುರದಿಂದ

ಕೇಬಲ್ ಬದಲಿಸುವಾಗಲೇ ಗೇರ್ ಆಯಿಲ್ ಕೂಡ ನೋಡಿಬಿಡಿ. ಎರಡರಿಂದ ಮೂರಕ್ಕೆ ತಡೆಯುವುದಕ್ಕೆ ಅದೂ ಕಾರಣ ಇರಬಹುದು. ಹೆಚ್ಚಿನ ಚಿಕ್ಕ ಗಾಡಿಗಳಿಗೆ ಬೇಕಿರುವುದು ಜಿಎಲ್-4 ದರ್ಜೆಯ ತೆಳು ಆಯಿಲ್, ಉದಾಹರಣೆಗೆ 75ಡಬ್ಲ್ಯು-80 ಅಥವಾ 75ಡಬ್ಲ್ಯು-90. ಹೆದ್ದಾರಿ ಬದಿಯ ಅಂಗಡಿಯಲ್ಲಿ ಬರೀ ‘ಗೇರ್ ಆಯಿಲ್’ ಎಂದರೆ ಲಾರಿ, ಟ್ರ್ಯಾಕ್ಟರ್‌ಗೆ ಹಾಕುವ ದಪ್ಪನೆಯದು ಕೈಗೆ ಬರುತ್ತದೆ. ಡಬ್ಬಿ ಓದಿ ತೆಗೆದುಕೊಳ್ಳಿ. ಆಯಿಲ್ ದಪ್ಪವಾದರೆ ಸಿಂಕ್ರೊ ರಿಂಗ್ ಆ ಪದರ ಒರೆಸಿ ಹಿಡಿಯಲು ತಡವಾಗುತ್ತದೆ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ಹಿತ್ತಾಳೆ ರಿಂಗ್‌ಗಳಿಗೆ ಅದು ಒಗ್ಗುವುದಿಲ್ಲ.

ಗಾಡಿ ಹತ್ತು ನಿಮಿಷ ಓಡಿಸಿ, ಸಮ ನೆಲದಲ್ಲಿ ನಿಲ್ಲಿಸಿ. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಖಾಲಿ ಮಾಡಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ. ಕೆಳಗಿನ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಚಿಂತೆ ಇಲ್ಲ. ಉಕ್ಕಿನ ಚೂರು ಅಂಟಿದ್ದರೆ ಅಥವಾ ಬಸಿದ ಆಯಿಲ್‌ನಲ್ಲಿ ಸಿಂಕ್ರೊ ರಿಂಗ್ ಸವೆದ ಹಿತ್ತಾಳೆಯ ಹಳದಿ ಹೊಳಪು ತೇಲಿದರೆ ಮಾತ್ರ ನಿಮ್ಮ ಮಿಸ್ತ್ರಿ ಹೇಳಿದ್ದರಲ್ಲಿ ಹುರುಳಿದೆ. ಹೊಸ ಆಯಿಲ್ ತುಂಬುವ ತೂತಿನ ಅಂಚಿಗೆ ಬಂದು ಸಣ್ಣಗೆ ಹೊರಬೀಳುವವರೆಗೆ ಹಾಕಬೇಕು, ಸುಮಾರು ಎರಡು ಲೀಟರ್ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಕೇಬಲ್‌ನ ಎರಡು ಎಳೆ ಹರದಿದ್ವು. ಹೊಸದು ಹಾಕಿ ಪೆಡಲ್ ಪ್ಲೇ 20ಕ್ಕ ಇಟ್ಟೀನಿ. ಬಿಸಿ ಇದ್ರೂ ಫಸ್ಟ್, ರಿವರ್ಸ್ ಸಪ್ಪಳಿಲ್ಲದ ಬೀಳ್ತಾವ. ಗೇರ್ ಆಯಿಲ್‌ನಾಗ ಹಳದಿ ಇರಲಿಲ್ಲ, ಅದನ್ನೂ ಬದಲಿಸಿ ಆಯ್ತು, ಈಗ ಮೂರಕ್ಕ ತಡಿಯಲ್ಲ. ಖರೇ ಅಂದ್ರ ಜರ್ಕ್ ಹಂಗೇ ಅದ.

ಉತ್ತರ, ಬೀದರ್‌ನಿಂದ

ಜರ್ಕ್ ಬೇರೆ ಬೇನೆ. ಗೇರ್ ಬದಲಿಸದೆ ಪರೀಕ್ಷೆ ಮಾಡಿ: ಮೂರನೇ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಕ್ಸಲೇಟರ್ ಪೂರ್ತಿ ಬಿಟ್ಟು ಮತ್ತೆ ಮೆಲ್ಲಗೆ ಒತ್ತಿ. ಆಗಲೂ ತಡವರಿಸಿದರೆ ತಪ್ಪು ಇಂಜಿನ್ ಕಡೆ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಧೂಳಿನಲ್ಲಿ ಓಡುವ ಗಾಡಿಯಾದರೆ ಮೊದಲು ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿಯಿರಿ, ಬೆಳಕು ದಾಟದಿದ್ದರೆ ಹೊಸದು ಹಾಕಿ. ನಂತರ ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ): ಅದರ ತಟ್ಟೆಯ ಅಂಚಿಗೆ ಕಪ್ಪು ಮಸಿ ಕಟ್ಟಿದ್ದರೆ ಕಾಲು ಇಟ್ಟ ತಕ್ಷಣ ಗಾಳಿ ಸರಿಯಾಗಿ ಹೋಗುವುದಿಲ್ಲ. ಥ್ರಾಟಲ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ, ಒಳಗೆ ಸುರಿಯಬೇಡಿ. ಆಮೇಲೆ ಸ್ಪಾರ್ಕ್ ಪ್ಲಗ್.

ಇಷ್ಟೆಲ್ಲ ಸರಿ ಇದ್ದೂ ಗೇರ್ ಹಾಕಿ ಕ್ಲಚ್ ಬಿಡುವಾಗ ಮಾತ್ರ ‘ಧಡ್’ ಎಂದರೆ ಇಂಜಿನ್ ಮೌಂಟ್ (ಇಂಜಿನ್ ಕೂರಿಸಿರುವ ರಬ್ಬರ್ ಆಸರೆ) ನೋಡಿಸಿ. ಬಾನೆಟ್ ತೆರೆದು ಹ್ಯಾಂಡ್‌ಬ್ರೇಕ್ ಹಾಕಿ, ಇನ್ನೊಬ್ಬರಿಗೆ ಬ್ರೇಕ್ ಒತ್ತಿಹಿಡಿದು ಫಸ್ಟ್ ಗೇರಿನಲ್ಲಿ ಕ್ಲಚ್ ಕಾಲು ಭಾಗ ಬಿಡಲು ಹೇಳಿ. ನೀವು ಪಕ್ಕದಲ್ಲಿ ನಿಲ್ಲಿ, ಗಾಡಿಯ ಮುಂದೆ ಬೇಡ. ಇಂಜಿನ್ ಒಂದು ಕಡೆ ಎದ್ದು ಕೂತರೆ ಮೌಂಟಿನ ರಬ್ಬರ್ ಸೀಳಿದೆ.